ಕಸದ ಮೈದಾನದ ಸಹಿಗಳು

ಅರವತ್ತೆರಡನೆಯ ಸಾಲಿನಲ್ಲಿ ಲಿಯೋಲಾ ಡೆನಿಸನ್‌ಗೆ ತಾನೇ ಎದುರಾದಳು.

ಹೆಸರು ಅವಳದೇ. ವಿಳಾಸವೂ ಅವಳದೇ: ಎಂಟನೇ ನಂಬರು, ಹಳೇ ಕಾರ್ಖಾನೆ ರಸ್ತೆ, ಸ್ಪ್ರೂಸ್‌ನೆಕ್. ತಾರೀಖು ಹೋದ ಶನಿವಾರದ್ದು. ಸಹಿ ಕೂಡ ಮೇಲುನೋಟಕ್ಕೆ ಅವಳದೇ, ಆದರೆ ಈಗಿನದಕ್ಕಿಂತ ಚೆನ್ನಾಗಿತ್ತು. ಇಪ್ಪತ್ತೆರಡು ವರ್ಷ ಟೌನ್ ಕ್ಲರ್ಕ್ ಆಗಿ ನಾಯಿ ಲೈಸೆನ್ಸು, ಕಡಲ ಕೆಸರಿನಿಂದ ಚಿಪ್ಪುಮೀನು ಅಗೆಯುವ ಲೈಸೆನ್ಸು, ಮದುವೆ, ಮರಣ ಎಲ್ಲಕ್ಕೂ ಸಹಿ ಹಾಕಿ ಹಾಕಿ ಅವಳ ಸಹಿ ಸವೆದುಹೋಗಿತ್ತು. ಒಂದು ಗೀಟು, ಎರಡು ಉಬ್ಬು, ಅಷ್ಟೆ. ಕಾಗದದ ಮೇಲಿದ್ದದ್ದು ಮದುವೆಯಾದ ಹೊಸತರಲ್ಲಿ ಅವಳು ಹಾಕುತ್ತಿದ್ದ ದುಂಡನೆಯ, ಬಾಲವಿರುವ ಸಹಿ. ಅದನ್ನು ನೆನಪಿಟ್ಟುಕೊಂಡಿರುವ ಮನುಷ್ಯ ಇಡೀ ಮೇಯ್ನ್ ರಾಜ್ಯದಲ್ಲಿ ಒಬ್ಬನೇ ಇದ್ದ: ಅವಳ ಗಂಡ ಮರ್ಟನ್. ಅವನೀಗ ಎಂಟನೇ ನಂಬರಿನ ಹಿತ್ತಲಿನ ಶೆಡ್ಡಿನಲ್ಲಿ ಯಾರದೋ ದೋಣಿಯ ಎಂಜಿನ್ನು ಬಿಚ್ಚಿಕೊಂಡು ಕೂತಿರಬೇಕು.

ಗೋಡೆ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತೈದು. ಐದಕ್ಕೆ ಸಹಿ ಹಾಳೆಗಳ ಗಡುವು ಮುಗಿಯುತ್ತಿತ್ತು.

ಕೌಂಟರಿನ ಆಚೆ, ಉಬ್ಬರವಿಳಿತದ ಪಟ್ಟಿಯ ಕೆಳಗಿನ ಬೆಂಚಿನಲ್ಲಿ ಥೇಡಾ ಪೆಟ್ಟಿಗ್ರೂ ಕೂತಿದ್ದಳು. ಮೈಮೇಲೆ ಇನ್ನೂ ಆಂಬುಲೆನ್ಸಿನ ಸಮವಸ್ತ್ರ. ಕಿವಿಯ ಹಿಂದೆ ಕಪ್ಪು ನೊಣ ಕಚ್ಚಿದ ಕೆಂಪು ಗುಳ್ಳೆಗಳು. ಮುಕ್ಕಾಲು ಗಂಟೆ ಹಿಂದೆ ಯಾರನ್ನೋ ಆಸ್ಪತ್ರೆಗೆ ಇಳಿಸಿ ನೇರ ಇಲ್ಲಿಗೆ ಬಂದು, ನಾಲ್ಕು ಸಹಿ ಹಾಳೆಗಳನ್ನು ಕೌಂಟರಿನ ಮೇಲೆ ಬಿಡಿಸಿಟ್ಟು, ಬಲಗೈ ಎತ್ತಿ, ಸಹಿಗಳೆಲ್ಲ ತನ್ನ ಸಮ್ಮುಖದಲ್ಲೇ ಆದವೆಂದು ಲಿಯೋಲಾಳ ಮುಂದೆ ಪ್ರಮಾಣ ಮಾಡಿದ್ದಳು. ಒಟ್ಟು ಎಪ್ಪತ್ತಾರು ಸಹಿ. ಬೇಕಾದದ್ದು ಐವತ್ತು. ಪಕ್ಷವಿಲ್ಲದವರು ರಾಜ್ಯದ ಶಾಸನಸಭೆಗೆ ನಿಲ್ಲಬೇಕಾದರೆ ಆ ಕ್ಷೇತ್ರದ ಐವತ್ತು ಮತದಾರರು ಸಹಿ ಹಾಕಬೇಕು, ಆ ಸಹಿಗಳನ್ನು ಊರಿನ ಕ್ಲರ್ಕ್ ಒಂದೊಂದಾಗಿ ಪರೀಕ್ಷಿಸಿ ಒಪ್ಪಬೇಕು. ಆಮೇಲೆ ಅದನ್ನು ಹಿಡಿದುಕೊಂಡು ರಾಜಧಾನಿ ಅಗಸ್ಟಾಕ್ಕೆ ಓಡಬೇಕು. ಆಗಲೇ ಮತಪತ್ರದಲ್ಲಿ ಹೆಸರು.

ಥೇಡಾ ಯಾಕೆ ನಿಲ್ಲಲು ಹೊರಟಿದ್ದಾಳೆಂದು ಊರಿಗೆಲ್ಲ ಗೊತ್ತಿತ್ತು. ಮೂರು ವರ್ಷದ ಹಿಂದೆ ಹತ್ತಿರದ ಆಸ್ಪತ್ರೆಯ ಹೆರಿಗೆ ವಿಭಾಗ ಮುಚ್ಚಿತು. ಇನ್ನೊಂದಕ್ಕೆ ಒಂದೂವರೆ ಗಂಟೆಯ ದಾರಿ, ಹಿಮ ಬಿದ್ದರೆ ಎರಡೂವರೆ. ಅಂದಿನಿಂದ ಥೇಡಾಳ ಆಂಬುಲೆನ್ಸಿನಲ್ಲೇ ಐದು ಮಕ್ಕಳು ಹುಟ್ಟಿದ್ದವು. ಎರಡೂ ಪಕ್ಷದವರು ಅವಳನ್ನು ಕರೆದರು. ಇಬ್ಬರೂ ಬೇರೆ ಬೇರೆ ವಿಷಯಗಳ ಮೇಲೆ ಮೊದಲು ಮಾತಾಡು, ಹೆರಿಗೆಯದು ಆಮೇಲೆ ನೋಡೋಣ ಅಂದರು. ಅವಳು ಇಬ್ಬರ ಕಾಫಿಯನ್ನೂ ಕುಡಿದು ಎದ್ದು ಬಂದಿದ್ದಳು.

ಐದರಲ್ಲಿ ಮೂರನೆಯ ಮಗು ಲಿಯೋಲಾಳ ಮೊಮ್ಮಗಳು. ಹೆದ್ದಾರಿ ಪಕ್ಕದ ಬ್ಲೂಬೆರಿ ಅಂಗಡಿಯ ಎದುರು, ಫೆಬ್ರವರಿಯಲ್ಲಿ, ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ಹುಟ್ಟಿದವಳು. ಈಗ ಓಡಾಡುತ್ತಾಳೆ, ಕಚ್ಚುತ್ತಾಳೆ.

ಆದರೂ ಲಿಯೋಲಾ ಥೇಡಾಳ ಕಾಗದಕ್ಕೆ ಸಹಿ ಹಾಕಿರಲಿಲ್ಲ. ಅವಳು ಯಾರ ಕಾಗದಕ್ಕೂ ಹಾಕುವವಳಲ್ಲ. ಕರಡಿ ಬೇಟೆ ನಿಲ್ಲಿಸಬೇಕೆಂದು ಜನಮತಕ್ಕೆ ಅರ್ಜಿ ಬಂದಾಗ ಅದಕ್ಕೂ ಇಲ್ಲ, ಮುಂದುವರಿಯಲಿ ಎಂದು ಬಂದಾಗ ಅದಕ್ಕೂ ಇಲ್ಲ. ಅವಳಿಗಿಂತ ಹಿಂದಿದ್ದ ಕ್ಲರ್ಕ್ ಒಂದೇ ಒಂದು ಸಲ ತನ್ನ ಭಾವನ ಅರ್ಜಿಗೆ ಸಹಿ ಹಾಕಿದ್ದ. ಅಲ್ಲಿಂದ ಮುಂದೆ ಹತ್ತು ವರ್ಷ ಅವನು ಯಾರ ಸಹಿ ಹೊಡೆದುಹಾಕಿದರೂ ಜನ ಕೌಂಟರಿಗೆ ಮೊಣಕೈ ಊರಿ, “ನಾವೂ ನಿನ್ನ ಅಕ್ಕನ್ನ ಮದ್ವೆ ಆಗಿದ್ರೆ ಪಾಸಾಗ್ತಿತ್ತು ಬಿಡು” ಅನ್ನುತ್ತಿದ್ದರು. ಆ ಕುರ್ಚಿಯಲ್ಲಿ ಕೂತ ಮೊದಲ ದಿನವೇ ಲಿಯೋಲಾ ತನಗೊಂದು ನಿಯಮ ಮಾಡಿಕೊಂಡಳು, ಇಪ್ಪತ್ತೆರಡು ವರ್ಷ ಕಾಪಾಡಿಕೊಂಡಳು. ಅದಕ್ಕೇ ಅವಳು ಕೆಂಪು ಪೆನ್ಸಿಲ್ ಎತ್ತಿದಾಗ ಈ ಊರಿನಲ್ಲಿ ಯಾರೂ ಜಗಳಕ್ಕೆ ಬರುತ್ತಿರಲಿಲ್ಲ.

“ಥೇಡಾ.”

“ಹೂಂ?”

“ಶನಿವಾರ ಮರ್ಟನ್ ಕಸ ಹಾಕೋಕೆ ಬಂದಾಗ ನೀನೆಲ್ಲಿದ್ದೆ?”

“ಅಲ್ಲೇ ಇದ್ದೆ. ರಟ್ಟಿನ ರಾಶಿ ಪಕ್ಕ ಮೇಜು ಹಾಕ್ಕೊಂಡು. ಯಾಕೆ?”

“ಅವನು ಬರೆಯೋದನ್ನ ನೋಡ್ತಾ ಇದ್ಯಾ?”

ಥೇಡಾ ಗುಳ್ಳೆ ಕೆರೆದುಕೊಂಡಳು. “ಇದ್ದೆ ಅಂತ್ಲೇ ಅನ್ಬೇಕು. ಮಧ್ಯೆ ಸ್ವಲ್ಪ ಬೆನ್ನು ತಿರುಗಿಸ್ದೆ. ವೈನೋನಾ ಮುದುಕಿ ಸೋಫಾ ತಂದಿದ್ಲು, ಕಾರಿನ ತಲೆ ಮೇಲೆ ಕಟ್ಕೊಂಡು. ಇಳಿಸೋಕೆ ಹೋದ್ರೆ ಒಳಗೆ ಇಲಿ ಸಂಸಾರ ಮಾರಾಯ್ತಿ. ಅಜ್ಜಿಯಿಂದ ಮೊಮ್ಮಗನವರೆಗೂ ಇತ್ತು.”

ಲಿಯೋಲಾ ಫೋನ್ ಎತ್ತಿ ಮನೆಗೆ ಹಚ್ಚಿದಳು. ಒಂಬತ್ತನೆಯ ರಿಂಗಿಗೆ ಮರ್ಟನ್ ಸಿಕ್ಕಿದ. ಹಿಂದೆ ರೇಡಿಯೋದಲ್ಲಿ ಬೇಸ್‌ಬಾಲ್ ಕೂಗಾಟ.

“ಮರ್ಟನ್, ಶನಿವಾರ ನಾನು ಕಸದ ಮೈದಾನಕ್ಕೆ ಬಂದಿದ್ನಾ?”

“ಇಲ್ವಲ್ಲ. ನೀನು ಮನೇಲಿ ಕಿಟಕಿ ಒರೆಸ್ತಿದ್ದೆ.”

“ನನ್ನ ಕೈ ಮಾತ್ರ ಬಂದಿತ್ತಾ ಹಾಗಾದ್ರೆ?”

ರೇಡಿಯೋ ಬಾಯಿ ಮುಚ್ಚಿತು. “ಓ,” ಅಂದ ಮರ್ಟನ್. “ಅದಾ.”

“ಅದೇ.”

“ನೋಡೇ, ಆ ಮಗು ನಮ್ದು ತಾನೇ? ನಿಂಗೆ ಮನಸ್ಸಿದೆ, ಹಾಕೋಕಾಗ್ತಿಲ್ಲ ಅಂತ ನಾನೇ… ಮೂವತ್ತು ವರ್ಷದಿಂದ ಕ್ರಿಸ್‌ಮಸ್ ಕಾರ್ಡಿಗೆಲ್ಲ ನಿನ್ನ ಹೆಸ್ರು ನಾನೇ ಬರೀತಿಲ್ವಾ? ಒಬ್ರೂ ವಾಪಸ್ ಕಳಿಸಿಲ್ಲ.”

“ಇದು ಕ್ರಿಸ್‌ಮಸ್ ಕಾರ್ಡಲ್ಲ ಕಣೋ, ಕಾನೂನು.”

“ಜೈಲಿಗೆ ಹಾಕಿಸ್ತೀಯಾ?”

“ರಾತ್ರಿ ಊಟ ಹಾಕ್ತೀನಾ ಅದನ್ನ ಕೇಳು ಮೊದ್ಲು,” ಎಂದು ಫೋನ್ ಇಟ್ಟಳು.

ಬೆಂಚಿನ ಮೇಲೆ ಥೇಡಾ ನೆಲ ನೋಡುತ್ತ ಕೂತಿದ್ದಳು. ಅವಳಿಗೂ ಅರ್ಥವಾಗಿತ್ತು.

“ಎಲ್ಲಾ ನನ್ನ ಕಣ್ಮುಂದೆ ಆಯ್ತು ಅಂತ ಕೈ ಎತ್ತಿದ್ಯಲ್ಲೇ,” ಅಂದಳು ಲಿಯೋಲಾ.

“ಕೈ ಎತ್ತುವಾಗ ಹಾಗೇ ನಂಬಿದ್ದೆ. ಇಲಿ ವಿಷಯ ಮರೆತುಹೋಗಿತ್ತು.”

ಲಿಯೋಲಾ ತನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದಳು. ಸಾವಿರಾರು ಹೆಸರುಗಳ ಮೇಲೆ ಎಳೆದ ಗೆರೆಯೇ ಅದು. ಅವಳ ಎದುರಿಗೆ ಮತದಾರರ ಕಾರ್ಡುಗಳ ಉದ್ದನೆಯ ಮರದ ಡ್ರಾಯರು ತೆರೆದಿತ್ತು. ಹಾಳೆಯಲ್ಲಿ ಒಂದು ಹೆಸರು ಓದುವುದು, ಡ್ರಾಯರಿನಲ್ಲಿ ಆ ಕಾರ್ಡು ಹುಡುಕುವುದು, ಎರಡೂ ಸಹಿ ಹೋಲಿಸುವುದು, ಆಮೇಲೆ ಕಾರ್ಡನ್ನು ಅಡ್ಡ ತಿರುಗಿಸಿ ಮತ್ತೆ ಸಿಕ್ಕಿಸುವುದು. ಒಬ್ಬರೇ ಎರಡು ಸಲ ಬಂದರೆ ಗೊತ್ತಾಗಲಿ ಎಂದು. ಕಂಪ್ಯೂಟರು ಬಂದು ಹದಿನೈದು ವರ್ಷವಾಗಿದ್ದರೂ ಅವಳಿಗೆ ಬೆರಳಿಗೆ ಸಿಗುವ ಜನವೇ ಬೇಕು. ತನ್ನ ಕಾರ್ಡನ್ನೂ ಅವಳು ಹಾಗೇ ಅಡ್ಡ ತಿರುಗಿಸಿ ಮುಂದಿನ ಸಾಲಿಗೆ ಹೋದಳು.

ಕೊನೆಯ ಸಾಲು ಮುಗಿದಾಗ ನಾಲ್ಕೂ ನಲವತ್ತೊಂದು. ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

“ಥೇಡಾ, ಇದರಲ್ಲಿ ಹ್ಯಾರೋದವರು ಇಪ್ಪತ್ತು ಜನ ಇದಾರೆ.”

“ಇರ್ಲಿ ಬಿಡು. ಪಾಪ, ಕ್ಯೂ ನಿಂತು ಹಾಕಿದ್ರು.”

“ಹ್ಯಾರೋ ನಿನ್ನ ಕ್ಷೇತ್ರದಲ್ಲಿಲ್ಲ. ಜನಗಣತಿ ಆದ್ಮೇಲೆ ಗೆರೆ ಬದಲಾಯ್ತಲ್ಲ. ಹಳ್ಳದ ಆಚೆ ಬೇರೆ ಕ್ಷೇತ್ರ ಈಗ.”

“ಆದ್ರೆ ಕಸದ ಮೈದಾನ ಒಂದೇ ಅಲ್ವೇನೇ?”

ಅವಳು ತಮಾಷೆ ಮಾಡುತ್ತಿರಲಿಲ್ಲ. ಸ್ಪ್ರೂಸ್‌ನೆಕ್ ಮತ್ತು ಹ್ಯಾರೋ ಎರಡಕ್ಕೂ ಕಸ ಹಾಕಲು ಇರುವುದು ಒಂದೇ ಮೈದಾನ. ಶನಿವಾರ ಬೆಳಿಗ್ಗೆ ಎರಡೂ ಊರು ಅಲ್ಲೇ. ಯಾರು ಬಸುರಿ, ಯಾರ ದೋಣಿ ಮಾರಾಟಕ್ಕಿದೆ, ಯಾರು ಯಾರ ಮನೆ ಬಿಟ್ಟರು, ಎಲ್ಲ ಮಾತೂ ಆ ರಟ್ಟಿನ ರಾಶಿಯ ಪಕ್ಕದಲ್ಲೇ ಆಗಬೇಕು. ಒಬ್ಬರು ಎಸೆದ ಕುರ್ಚಿಯನ್ನು ಇನ್ನೊಬ್ಬರು ಮನೆಗೆ ಒಯ್ಯುತ್ತಾರೆ, ಅದು ನಾಲ್ಕು ವರ್ಷದ ಮೇಲೆ ಮತ್ತೆ ಅಲ್ಲಿಗೇ ಬರುತ್ತದೆ. ಸಹಿ ಸಂಗ್ರಹಿಸುವವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೂವತ್ತೊಂದು ವರ್ಷ ಸೈರನ್ ಹಾಕಿಕೊಂಡು ಆ ಹಳ್ಳ ದಾಟಿದ್ದ ಥೇಡಾಳಿಗೆ ಅಲ್ಲಿ ಒಂದು ಗೆರೆಯಿದೆಯೆಂದು ಎಂದೂ ಅನ್ನಿಸಿರಲಿಲ್ಲ. ಕ್ಷೇತ್ರದಲ್ಲಿದ್ದ ಉಳಿದ ಎರಡು ಊರುಗಳಿಗೆ ಹೋಗುವ ಗೋಜಿಗೇ ಅವಳು ಹೋಗಿರಲಿಲ್ಲ. ಎಪ್ಪತ್ತಾರು ಕೈಯಲ್ಲಿದ್ದವಲ್ಲ.

“ಬೇಸಿಗೆಗೆ ಮಾತ್ರ ಬರೋ ಮಂದಿ ಮೂರು,” ಎಂದು ಲಿಯೋಲಾ ಮುಂದುವರಿಸಿದಳು. “ಅವರ ವೋಟು ಬೇರೆ ರಾಜ್ಯದಲ್ಲಿದೆ. ಒಬ್ಬರದ್ದು ಇನ್ನೊಬ್ಬರು ಹಾಕಿದ್ದು ನಾಲ್ಕು. ಅದರಲ್ಲಿ ಒಂದು ನಂದು.”

ಥೇಡಾ ತುಟಿಯಲ್ಲೇ ಲೆಕ್ಕ ಹಾಕಿದಳು.

“ನಲವತ್ತೊಂಬತ್ತು,” ಅಂದಳು ಲಿಯೋಲಾ.

ಥೇಡಾ ಎದ್ದು ಕಿಟಕಿಗೆ ಹೋಗಿ ರಸ್ತೆಯನ್ನು ಎರಡೂ ಕಡೆ ನೋಡಿದಳು. ಇಳಿತದ ಹೊತ್ತು. ಕೈಕಾಲು ನೆಟ್ಟಗಿದ್ದವರೆಲ್ಲ ಕೆಸರಿನಲ್ಲಿ ಚಿಪ್ಪು ಅಗೆಯುತ್ತಿದ್ದರು, ರಸ್ತೆಯಿಂದ ಕಾಲು ಗಂಟೆಯ ನಡಿಗೆ. ಅಂಗಡಿಗೆ ಕಾರಿನಲ್ಲಿ ಹತ್ತು ನಿಮಿಷ, ಬರಲು ಹತ್ತು. ಎದುರಿನ ಮನೆಯವರು ಸಹಿ ಹಾಕಿಯಾಗಿತ್ತು, ಅದರ ಪಕ್ಕದವರೂ ಹಾಕಿಯಾಗಿತ್ತು. ಮೂರನೆಯದು ಬೇಸಿಗೆ ಮನೆ, ಕಿಟಕಿಗೆ ಇನ್ನೂ ಹಲಗೆ ಹೊಡೆದೇ ಇತ್ತು.

ಅಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ಹೊಸ ರಬ್ಬರ್ ಬೂಟು ಹಾಕಿದ ಗಂಡಸೊಬ್ಬ ಒಳಗೆ ಬಂದು, ಚಿಪ್ಪು ಅಗೆಯಲು ಒಂದು ದಿನದ ಲೈಸೆನ್ಸು ಸಿಗುತ್ತದೆಯೇ ಎಂದು ಕೇಳುವುದರೊಳಗೆ ಥೇಡಾ ಅವನ ಮುಂದೆ ಪೆನ್ನು ಹಿಡಿದು ನಿಂತಿದ್ದಳು.

“ಅಣ್ಣಾ, ನಿನ್ನ ವೋಟು ಎಲ್ಲಿದೆ?”

ಅವನು ಅವಳ ಸಮವಸ್ತ್ರ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. “ನ್ಯೂಜೆರ್ಸೀಲಿ.”

“ಅಯ್ಯೋ ಪಾಪ,” ಅಂದಳು ಥೇಡಾ, ಮನಸಾರೆ.

ಲಿಯೋಲಾ ಅವನಿಗೆ ಲೈಸೆನ್ಸು ಬರೆದುಕೊಟ್ಟು ಕಳಿಸಿದಳು. ನಾಲ್ಕೂ ನಲವತ್ತೊಂಬತ್ತು. ಗಡಿಯಾರಕ್ಕೂ ಅದೇ ಸಂಖ್ಯೆ ಬೇಕಾಗಿತ್ತೇ ಎಂದು ಅವಳಿಗೆ ಸಿಟ್ಟು ಬಂತು.

ಈ ಕೋಣೆಯಲ್ಲಿ, ಈ ಕ್ಷಣದಲ್ಲಿ, ಸ್ಪ್ರೂಸ್‌ನೆಕ್‌ನ ಮತದಾರಳೊಬ್ಬಳು ಸಹಿ ಹಾಕದೆ ಉಳಿದಿದ್ದಳು. ಕಾನೂನು ಅವಳನ್ನು ತಡೆಯುತ್ತಿರಲಿಲ್ಲ. ಕ್ಲರ್ಕ್ ಸಹಿ ಹಾಕಬಾರದು ಎಂದು ಎಲ್ಲೂ ಬರೆದಿಲ್ಲ. ಬರೆದದ್ದು ಅವಳೊಳಗೆ ಮಾತ್ರ. ಲಿಯೋಲಾ ತನ್ನ ಬಲಗೈಯನ್ನು ನೋಡಿದಳು. ಕೌಂಟರಿನ ಮೇಲೆ ಯಾರೋ ಮರೆತುಬಿಟ್ಟ ಗ್ಲೌಸಿನ ಹಾಗೆ ಬಿದ್ದಿತ್ತು.

“ಬೇಡ,” ಅಂದಳು ಥೇಡಾ.

“ನಾನೇನೂ ಹೇಳಿಲ್ಲ.”

“ಹೇಳೋಕೆ ಮುಂಚೆನೇ ಬೇಡ ಅಂತಿದೀನಿ. ಹ್ಯಾರೋದವರು ಇಪ್ಪತ್ತು ಜನ ಶನಿವಾರ ಸಿಗ್ತಾರೆ. ನಮ್ಮನ್ನೆಲ್ಲ ಗೀಟು ಹೊಡ್ದು ನೀನು ಮಾತ್ರ ಹಿಂಬಾಗಿಲಿಂದ ನುಗ್ದೆ ಅಂತಾರೆ. ಏನ್ ಹೇಳ್ತೀಯಾ?”

“ನಿಜ ಅಂತ ಹೇಳ್ತೀನಿ.”

“ಎರಡು ವರ್ಷ ಬಿಟ್ಟು ಮತ್ತೆ ಬರ್ತೀನಿ ಬಿಡು. ಆಗ ಇಲಿ ಇದ್ರೂ ಬೆನ್ನು ತಿರುಗ್ಸಲ್ಲ.”

“ಎರಡು ವರ್ಷದಲ್ಲಿ ಎಷ್ಟು ಹೆರಿಗೆ?”

ಥೇಡಾ ಉಬ್ಬರವಿಳಿತದ ಪಟ್ಟಿಯನ್ನು ಓದುವವಳಂತೆ ಆ ಕಡೆ ತಿರುಗಿದಳು. ಅವಳ ಭುಜದ ಮೇಲೆ ಸಮವಸ್ತ್ರದ ಬಟ್ಟೆ ಬೆಳ್ಳಗಾಗಿತ್ತು, ಮೂವತ್ತೊಂದು ವರ್ಷ ಸೀಟ್‌ಬೆಲ್ಟು ಉಜ್ಜಿ ಉಜ್ಜಿ.

ಲಿಯೋಲಾ ಕಪಾಟಿನಿಂದ ಖಾಲಿ ಹಾಳೆಯೊಂದನ್ನು ತೆಗೆದಳು. ಐದು ನಿಮಿಷದ ಕೆಲಸ, ಆಮೇಲೆ ಜೀವನಪೂರ್ತಿ ಕೌಂಟರಿನ ಆಚೆಯ ಮೊಣಕೈಗಳು. ಆಗಲಿ. ಮೊದಲು ಹಾಳೆಯ ನೆತ್ತಿಯಲ್ಲಿ ಅಭ್ಯರ್ಥಿಯ ಹೆಸರು ತುಂಬಬೇಕು, ಮತದಾರರ ಪಟ್ಟಿಯಲ್ಲಿರುವ ಹಾಗೇ. ಉಳಿದ ನಾಲ್ಕು ಹಾಳೆಯನ್ನು ಥೇಡಾಳೇ ತುಂಬಿದ್ದಳು. ಇದನ್ನು ಲಿಯೋಲಾ ತುಂಬುತ್ತಿದ್ದಾಳೆ, ಆದ್ದರಿಂದ ಸರಿಯಾಗಿರಬೇಕು. ಅವಳು ಡ್ರಾಯರನ್ನು ಪೆಟ್ಟಿಗ್ರೂಗಳ ಹತ್ತಿರ ಸರಿಸಿದಳು.

ಥೇಡಾಳ ಅಣ್ಣ: ಅಡ್ಡ ತಿರುಗಿದ್ದ. ಅತ್ತಿಗೆ: ಅಡ್ಡ. ಅಣ್ಣನ ಮಗ: ಅಡ್ಡ. ಅವರ ನಡುವೆ ಒಂದು ಕಾರ್ಡು ನೆಟ್ಟಗೆ, ಏನೂ ಗೊತ್ತಿಲ್ಲದವರ ಹಾಗೆ ನಿಂತಿತ್ತು.

ತಾನೇ ತಿರುಗಿಸಲು ಮರೆತೆನೆಂದುಕೊಂಡಳು. ನಾಲ್ಕು ಹಾಳೆಗಳ ಮೇಲೂ ಬೆರಳಾಡಿಸಿಕೊಂಡು ಬಂದಳು, ಮೇಲಿಂದ ಕೆಳಗೆ, ಮತ್ತೆ ಕೆಳಗಿಂದ ಮೇಲೆ.

“ಥೇಡಾ, ನೀನು ಸಹಿ ಹಾಕೇ ಇಲ್ಲ.”

“ಯಾವುದಕ್ಕೆ?”

“ನಿನ್ನದಕ್ಕೇ.”

ಥೇಡಾ ತಿರುಗಿದಳು. ಅವಳ ಕಿವಿ ಗುಳ್ಳೆಗಳಿಗಿಂತ ಕೆಂಪಾಯಿತು. “ಥೂ! ನನ್ನ ಕಾಗದಕ್ಕೆ ನಾನೇ ಹಾಕ್ಕೊಳ್ಳೋದಾ? ನಮ್ಮಮ್ಮ ಬದುಕಿದ್ದಿದ್ರೆ ಬೆನ್ನಿಗೆ ಬಾರಿಸ್ತಿದ್ಲು. ಹಣ್ಣಿನ ಪೈ ಬೇಯಿಸೋ ಪಂದ್ಯದಲ್ಲಿ ಇರ್ಮಾ ತನ್ನ ಪೈಗೆ ತಾನೇ ಚೀಟಿ ಹಾಕಿದ್ಲು ಅಂತ ಊರು ಎರಡು ವರ್ಷ ಅವಳ ಹತ್ರ ಮಾತಾಡಿರ್ಲಿಲ್ಲ, ಮರೆತ್ಯಾ?”

ಲಿಯೋಲಾ ಮರೆತಿರಲಿಲ್ಲ. ಮಾತಾಡದವರಲ್ಲಿ ಅವಳೂ ಒಬ್ಬಳು. ಈ ಕರಾವಳಿಯಲ್ಲಿ ಜನ ತಮ್ಮ ಕಥೆಯಿಂದ ತಮ್ಮನ್ನೇ ಅಳಿಸಿ ಹೇಳುತ್ತಾರೆ. ಚಳಿಗಾಲದ ಕಡಲಿಗೆ ಹಾರಿ ಇಬ್ಬರನ್ನು ಎಳೆದು ತಂದವನನ್ನು ಕೇಳಿದರೆ, ನೀರು ತಣ್ಣಗಿತ್ತು ಅನ್ನುತ್ತಾನೆ, ಅಷ್ಟೆ. ರಸ್ತೆಯಲ್ಲೇ ಐದು ಹೆರಿಗೆ ಮಾಡಿಸಿದವಳೂ ತನ್ನ ಹೆಸರಿಗೆ ಎಪ್ಪತ್ತಾರು ಜನರ ಸಹಿ ಕೇಳಿದಳು, ಎಪ್ಪತ್ತೇಳನೆಯದನ್ನು ನಾಚಿಕೆಯಿಂದ ಬಿಟ್ಟಳು.

“ಕಾನೂನು ಒಪ್ಪುತ್ತಾ ಅದನ್ನ?” ಥೇಡಾಳ ದನಿ ಇಳಿದಿತ್ತು.

“ಕಾನೂನಿಗೆ ನಿಮ್ಮಮ್ಮ ಗೊತ್ತಿಲ್ಲ. ನೀನು ಈ ಕ್ಷೇತ್ರದ ಮತದಾರಳು ಹೌದೋ ಅಲ್ವೋ?”

“ಹೌದು.”

“ಹಾಗಾದ್ರೆ ಕೂತ್ಕೊಂಡು ಹಾಕು. ನಿಧಾನ. ನಡುಗಬೇಡ, ನಾನದನ್ನ ಕಾರ್ಡಿಗೆ ಹೋಲಿಸಿ ನೋಡ್ಬೇಕು.”

ಥೇಡಾ ಪೆನ್ನನ್ನು ಸೂಜಿಯ ಹಾಗೆ ಹಿಡಿದು, ನಾಲಿಗೆ ತುದಿ ಹೊರಹಾಕಿ, ಬರೆದಳು. ಹೆಸರು, ವಿಳಾಸ, ತಾರೀಖು. ಬರೆದಾದ ಮೇಲೆ ಯಾರಾದರೂ ನೋಡಿದರೇ ಎಂದು ಕಿಟಕಿಯತ್ತ ನೋಡಿದಳು.

“ಬಲಗೈ ಎತ್ತು,” ಅಂದಳು ಲಿಯೋಲಾ. “ಈ ಹಾಳೇಲಿ ಸಹಿ ಹಾಕಿದವಳು ನಿನ್ನ ಕಣ್ಮುಂದೆನೇ ಹಾಕಿದ್ಲು ಅಂತ ಪ್ರಮಾಣ ಮಾಡ್ತೀಯಾ?”

“ಮಾಡ್ತೀನಿ. ತುಂಬ ನಾಚ್ಕೊಳ್ತಿದ್ಲು.”

“ಬೆನ್ನು ತಿರುಗಿಸಿರ್ಲಿಲ್ಲ ತಾನೇ?”

“ತಿರುಗಿಸೋಣ ಅಂತಿದ್ದೆ, ಆಗ್ಲಿಲ್ಲ.”

ಲಿಯೋಲಾ ಕಾರ್ಡನ್ನು ಹಾಳೆಯ ಪಕ್ಕದಲ್ಲಿಟ್ಟಳು. ಬೇರೆ ಯಾರ ಸಹಿಯನ್ನೂ ನೋಡದಷ್ಟು ಹೊತ್ತು ನೋಡಿದಳು. ಮೂವತ್ತು ವರ್ಷಕ್ಕೂ ಹಳೆಯ ಸಹಿ, ಒಂದು ನಿಮಿಷದ ಹಿಂದಿನ ಸಹಿ. ಎರಡರಲ್ಲೂ ಕೊನೆಯ ಅಕ್ಷರ ಅವಸರದಲ್ಲಿ ಬಾಗಿಲು ದಾಟುವವರಂತೆ ಮುಂದಕ್ಕೆ ವಾಲಿತ್ತು. ಒಪ್ಪಿದಳು. ಕಾರ್ಡನ್ನು ಅಡ್ಡ ತಿರುಗಿಸಿ ಸಿಕ್ಕಿಸಿದಳು. ಐದು ಹಾಳೆಗೂ ಮುದ್ರೆ ಒತ್ತಿ ಹೊತ್ತು ಬರೆದಳು: ನಾಲ್ಕೂ ಐವತ್ತೇಳು. ಒಪ್ಪಿದ ಸಹಿಗಳು: ಐವತ್ತು.

ಕುರ್ಚಿ ಹಿಂದಿದೆಯೆಂದು ನಂಬಿ ಕೂತಳು, ಇತ್ತು. ಎದೆಯ ಮೇಲಿಂದ ಯಾರೋ ಸೋಫಾ ಇಳಿಸಿದಂತಿತ್ತು, ಇಲಿಗಳ ಸಮೇತ. ಅವಳು ನಗತೊಡಗಿದಳು. ಥೇಡಾ ಕೌಂಟರಿನ ಮೇಲೆ ಹಣೆಯಿಟ್ಟು ನಗುತ್ತಿದ್ದಳು, ಅಥವಾ ಅಳುತ್ತಿದ್ದಳು. ಆಂಬುಲೆನ್ಸಿನವರಲ್ಲಿ ಅದು ತಿಳಿಯುವುದಿಲ್ಲ.

“ಒಂದು ಜಾಸ್ತಿನೂ ಇಲ್ಲ, ಒಂದು ಕಡಿಮೆನೂ ಇಲ್ಲ,” ಅಂದಳು ಥೇಡಾ, ಹಣೆ ಎತ್ತದೆ.

“ಅಗಸ್ಟಾದಲ್ಲಿ ಯಾರನ್ನೂ ನೋಡಿ ನಗಬೇಡ. ಹಾಳೆ ಮಡಿಸಬೇಡ. ಕಾಫಿ ಹತ್ರ ಇಡಬೇಡ.”

“ಸರಿ ಅಮ್ಮಾ,” ಎಂದು ಥೇಡಾ ಹಾಳೆಗಳನ್ನು ಹೊಸದಾಗಿ ಹುಟ್ಟಿದ ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋದಳು. ಹೊರಗೆ ಅಂಗಳದಲ್ಲಿ ಒಮ್ಮೆ ಸೈರನ್ ಚೂರು ಕೂಗಿ ನಿಂತಿತು. ಅದು ನಿಯಮಕ್ಕೆ ವಿರುದ್ಧ. ಲಿಯೋಲಾ ಕೇಳಿಸಿಕೊಳ್ಳಲಿಲ್ಲ.

ಬೀಗ ಹಾಕುವ ಮುಂಚೆ ಅವಳು ಡ್ರಾಯರಿನ ಮುಂದೆ ನಿಂತು ತಿರುಗಿಸಿದ ಕಾರ್ಡುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿದಳು. ಡೆನಿಸನ್‌ಗಳ ಹತ್ತಿರ ಬಂದಾಗ ತನ್ನ ಕಾರ್ಡನ್ನು ಹೊರಗೆ ತೆಗೆದಳು. ಇಪ್ಪತ್ಮೂರು ವಯಸ್ಸಿನವಳ ದುಂಡನೆಯ ಸಹಿ, ಬಾಲವಿರುವುದು. ನೆಟ್ಟಗೆ ಮಾಡಿ ಒಳಗಿಟ್ಟಳು.

ಮರ್ಟನ್ ಟ್ರಕ್ಕಿನಲ್ಲಿ ಕಾಯುತ್ತಿದ್ದ. ಮಡಿಲಲ್ಲಿ ಅಂಗಡಿಯ ಪೊಟ್ಟಣ. ಹುರಿದ ಹ್ಯಾಡಕ್ ಮೀನಿನ ವಾಸನೆ. ಊಟದ ವಿಷಯದಲ್ಲಿ ಅವನು ಅಪಾಯಕ್ಕೆ ಕೈ ಹಾಕಿರಲಿಲ್ಲ.

“ಪಾಸಾದ್ಲಾ?”

“ಆದ್ಲು.”

“ನನ್ನಿಂದಾನಾ?”

“ನೀನಿದ್ದೂ ಆದ್ಲು.”

ಅವನು ಗೇರ್ ಹಾಕಿದ. ಟ್ರಕ್ಕು ಹಳ್ಳದ ದಂಡೆಯ ರಸ್ತೆ ಹಿಡಿಯಿತು. ಕೆಳಗೆ ನೀರು ಎರಡು ಕ್ಷೇತ್ರಗಳ ನಡುವೆ ತನ್ನ ಪಾಡಿಗೆ ಹರಿಯುತ್ತಿತ್ತು.

“ಆ ಹಳೇ ಸಹಿ ಇನ್ನೂ ನೆನಪಿದೆಯಾ ನಿಂಗೆ?” ಎಂದು ಲಿಯೋಲಾ ಕೇಳಿದಳು.

“ಮತ್ತೆ? ಈಗಿಂದು ಯಾರಿಗೆ ಓದೋಕಾಗುತ್ತೆ,” ಎಂದು ಮರ್ಟನ್ ಪೊಟ್ಟಣವನ್ನು ಅವಳ ಕಡೆ ಸರಿಸಿದ.